ಲಾಗಿನ್ ಫಾರಂ ಮತ್ತೆ ಕಾಣಿಸುವುದೇಕೆ?

ತಿಪಟೂರಿನ ಓದುಗರೊಬ್ಬರು ಕೊಬ್ಬರಿ ಮಂಡಿಯೊಂದಕ್ಕಾಗಿ, ರೈತರು ತಮ್ಮ ಲೆಕ್ಕವನ್ನು ಮೊಬೈಲಿನಲ್ಲೇ ನೋಡಿಕೊಳ್ಳುವಂತೆ, ಸರ್ವರಿನಲ್ಲಿ ಓಡಿ ಪುಟ ತಯಾರಿಸುವ ಪಿಎಚ್‌ಪಿ ಭಾಷೆಯಲ್ಲಿ ಲಾಗಿನ್ ಪುಟವೊಂದನ್ನು ಬರೆದಿದ್ದಾರೆ. ಪಾಸ್‌ವರ್ಡ್ ಸರಿಯಿದ್ದರೂ ಫಾರಂ ಮೇಲೆ ಹಾಗೆಯೇ ಉಳಿದು, ಲೆಕ್ಕದ ವಿವರ ಅದರ ಕೆಳಗೆ ಬರುತ್ತದಂತೆ. ತೋರಿಸಿಯಾದ ಫಾರಂ ಅಳಿಸಿ ಆ ಜಾಗದಲ್ಲಿ ಲೆಕ್ಕವನ್ನು ಕೂರಿಸುವ ಆದೇಶ ಯಾವುದೆಂಬುದು ಅವರ ಪ್ರಶ್ನೆ. ಹೆಡರ್ (ಪುಟಕ್ಕೆ ಮುಂಚೆ ಬ್ರೌಸರಿಗೆ ಹೋಗುವ ಸೂಚನೆ) ಕಳಿಸುವ ಆದೇಶದಿಂದ ಬೇರೆ ಪುಟಕ್ಕೆ ಕಳಿಸಲು ಹೋದರೆ, ಮಂಡಿಯವರು ಬಾಡಿಗೆಗೆ ಪಡೆದ ಸರ್ವರಿನಲ್ಲಿ ‘ಹೆಡರ್‌ಗಳು ಆಗಲೇ ಹೋಗಿವೆ’ ಎಂಬ ಎಚ್ಚರಿಕೆ ಬರುತ್ತದೆ, ಮನೆಯ ಕಂಪ್ಯೂಟರಿನಲ್ಲಿ ಬರುವುದಿಲ್ಲ ಎಂದೂ ಬರೆದಿದ್ದಾರೆ.

ಮಾನ್ಯರೇ, ಅಂಥ ಆದೇಶ ಪಿಎಚ್‌ಪಿಯಲ್ಲಿಲ್ಲ. ಸರ್ವರಿನಿಂದ ಹೊರಟ ಅಕ್ಷರ ಅಂಚೆಗೆ ಹಾಕಿದ ಕಾಗದದಂತೆ. ಅದನ್ನು ತಿದ್ದುವ ಅಧಿಕಾರ ಆಮೇಲೆ ಸರ್ವರಿಗಿರುವುದಿಲ್ಲ. ಆದರೆ ನಿಮಗೆ ಅಳಿಸುವ ಅಗತ್ಯವೇ ಇಲ್ಲ. ರೈತರು ಗುಂಡಿ ಒತ್ತಿದೊಡನೆ ಬ್ರೌಸರ್ ಹೊಸ ಕೋರಿಕೆ ಕಳಿಸುತ್ತದೆ, ನಿಮ್ಮ ಸ್ಕ್ರಿಪ್ಟು ಮೊದಲ ಸಾಲಿನಿಂದ ಮತ್ತೆ ಓಡುತ್ತದೆ, ಬಂದ ಉತ್ತರ ಹಳೆಯ ಪುಟದ ಜಾಗವನ್ನು ಪೂರ್ತಿ ಆಕ್ರಮಿಸುತ್ತದೆ. ಆದ್ದರಿಂದ ಎರಡನೆಯ ಸಲ ಕಾಣುವ ಫಾರಂ ಹಳೆಯದಲ್ಲ, ಫಾರಂ ಬರೆಯುವ ಸಾಲುಗಳು ಪರಿಶೀಲನೆಗಿಂತ ಮೇಲಿರುವುದರಿಂದ ನೀವೇ ಹೊಸದಾಗಿ ಕಳಿಸಿದ್ದು. ಪರಿಶೀಲನೆಯನ್ನು ಕಡತದ ತಲೆಗೆ ತನ್ನಿ. ಪಾಸ್‌ವರ್ಡ್ ತಪ್ಪಿದ್ದರೆ ಅಥವಾ ಇನ್ನೂ ಬಂದಿರದಿದ್ದರೆ ಮಾತ್ರ ಫಾರಂ ಬರೆಯಿರಿ. ಸರಿಯಿದ್ದರೆ, ಬಂದವರು ಯಾರೆಂದು ಸರ್ವರ್ ನೆನಪಿಡುವ ಸೆಷನ್ನಿನಲ್ಲಿ ಗುರುತಿಟ್ಟು, ಅದರ ಐಡಿ ಬದಲಿಸಿ, ‘ಬೇರೆ ಪುಟ ನೋಡಿ’ ಎನ್ನುವ 303 ಸಂಕೇತದೊಂದಿಗೆ ಲೆಕ್ಕದ ಪುಟಕ್ಕೆ ಕಳಿಸಿ, ಕೂಡಲೇ ಸ್ಕ್ರಿಪ್ಟನ್ನು ಅಲ್ಲಿಗೇ ನಿಲ್ಲಿಸುವ ಎಕ್ಸಿಟ್ ಬರೆಯಿರಿ. ಹೀಗೆ ಮಾಡಿದರೆ ರಿಫ್ರೆಶ್ ಒತ್ತಿದವರ ಪಾಸ್‌ವರ್ಡ್ ಮತ್ತೊಮ್ಮೆ ರವಾನೆಯಾಗುವುದಿಲ್ಲ.

ಇನ್ನು ಎಚ್ಚರಿಕೆಯ ವಿಷಯ. ಎಚ್‌ಟಿಟಿಪಿ (ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮ) ಉತ್ತರದಲ್ಲಿ ಹೆಡರ್‌ಗಳು ಮೊದಲು, ಪುಟದ ಒಡಲು ಆಮೇಲೆ. ಒಡಲಿನ ಒಂದು ಬೈಟ್ ಹೊರಟರೂ ಹೆಡರಿನ ಬಾಗಿಲು ಮುಚ್ಚಿತು. ಪಿಎಚ್‌ಪಿಯ ಜೊತೆ ಬರುವ ಮಾದರಿ ಸೆಟ್ಟಿಂಗ್ ಕಡತಗಳಲ್ಲಿ 4096 ಬೈಟ್‌ಗಳ ಬಫರ್, ಅಂದರೆ ಹೊರಡುವ ಅಕ್ಷರಗಳನ್ನು ತಡೆದಿಡುವ ಜಾಗ, ಇರುತ್ತದೆ, ಆ ಕಡತ ಬಳಸದ ಕಡೆ ಇರುವುದಿಲ್ಲ. ಮನೆಯಲ್ಲಿ ತಪ್ಪು ಮರೆಯಾಗಿ ಸರ್ವರಿನಲ್ಲಿ ಬಯಲಾಗುವುದು ಬಹುಮಟ್ಟಿಗೆ ಇದರಿಂದಲೇ. ಮೇಲ್ಗಡೆ, ಬಫರನ್ನು ತೆರೆಯುವ ಒಬಿ_ಸ್ಟಾರ್ಟ್ ಬರೆದು ಎಚ್ಚರಿಕೆಯ ಬಾಯಿ ಮುಚ್ಚಿಸಬಹುದು. ಕ್ರಮ ತಪ್ಪಿದ ಬರಹಕ್ಕೆ ಅದು ತೇಪೆಯಷ್ಟೇ ಎಂಬುದು ನನ್ನ ಅಭಿಪ್ರಾಯ. ಎಚ್ಚರಿಕೆಯಲ್ಲೇ ಕಡತದ ಹೆಸರೂ ಸಾಲಿನ ಸಂಖ್ಯೆಯೂ ಇರುತ್ತವೆ, ಅವನ್ನು ಓದಿ. ಅದು ಒಂದನೆಯ ಸಾಲನ್ನೇ ತೋರಿಸಿ, ಅಲ್ಲಿ ಏನೂ ಕಾಣದಿದ್ದರೆ ಬಿಒಎಂ ಇದೆಯೇ ನೋಡಿ: ಕನ್ನಡ ಅಕ್ಷರಗಳಿಗಾಗಿ ಕಡತವನ್ನು ಹಳೆಯ ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಆಗಿ ಉಳಿಸಿದಾಗ ತಲೆಯಲ್ಲಿ ಸೇರಿಕೊಳ್ಳುವ, ಕಣ್ಣಿಗೆ ಬೀಳದ ಮೂರು ಬೈಟ್‌ಗಳವು.

ನೀವು ಕಳಿಸಿದ ಸಾಲುಗಳಲ್ಲಿ ಪಾಸ್‌ವರ್ಡನ್ನು ಇದ್ದಂತೆಯೇ ಡೇಟಾಬೇಸಿನಲ್ಲಿಟ್ಟು ಹೋಲಿಸಿದ್ದೀರಿ. 2013ರ ಪಿಎಚ್‌ಪಿ 5.5ರಿಂದಲೂ ಪಾಸ್‌ವರ್ಡನ್ನು ಗುರುತು ಸಿಗದಂತೆ ಬದಲಿಸುವ ಪಾಸ್‌ವರ್ಡ್_ಹ್ಯಾಶ್, ಹಾಗೆ ಇಟ್ಟದ್ದರೊಂದಿಗೆ ಹೋಲಿಸುವ ಪಾಸ್‌ವರ್ಡ್_ವೆರಿಫೈ ಲಭ್ಯವಿವೆ, ಅವನ್ನೇ ಬಳಸಿ. ಲೆಕ್ಕದ ಪುಟದ ತಲೆಯಲ್ಲೂ ಸೆಷನ್ ಪರಿಶೀಲಿಸಬೇಕು, ಇಲ್ಲವಾದರೆ ಆ ಪುಟದ ವಿಳಾಸ ತಿಳಿದ ಯಾರು ಬೇಕಾದರೂ ಲಾಗಿನ್ ಇಲ್ಲದೆಯೇ ರೈತರ ಬಾಕಿಯನ್ನು ಓದಬಹುದು.

— ಸಂಪಾದಕ