ಧ್ವನಿಪೆಟ್ಟಿಗೆ ಗಂಟಲಿನಲ್ಲಿ ಕೆಳಗಿಳಿದದ್ದರಿಂದಲೇ ಮನುಷ್ಯನಿಗೆ ಮಾತು ಬಂತೇ?

ಅದೊಂದೇ ಕಾರಣವಲ್ಲ. ಧ್ವನಿಪೆಟ್ಟಿಗೆ ಮೇಲಿರುವುದರಿಂದ ಕೋತಿಗೆ ಅ, ಇ, ಉಗಳಂಥ ಬಗೆಬಗೆಯ ಸ್ವರ ಹೊರಡಿಸಲಾಗದು ಎಂದು 1969ರಲ್ಲಿ ಭಾಷಾವಿಜ್ಞಾನಿ ಫಿಲಿಪ್ ಲೀಬರ್‌ಮನ್ ತಂಡ ವಾದಿಸಿತ್ತು. ಆದರೆ ಯುರೋಪಿನ ಗಂಡು ಕೆಂಪು ಜಿಂಕೆ ಕೂಗುವಾಗ ಧ್ವನಿಪೆಟ್ಟಿಗೆಯನ್ನು ಎದೆಮೂಳೆಯವರೆಗೂ ಇಳಿಸುತ್ತದೆ. ಮಾತು ಮಾತ್ರ ಇಲ್ಲ. 2016ರಲ್ಲಿ ಜೀವವಿಜ್ಞಾನಿ ಫಿಚ್ ಮತ್ತು ಸಂಗಡಿಗರು ಮಕಾಕ್ ಕೋತಿಯ ಬಾಯಿ, ಗಂಟಲುಗಳ ಚಲನೆಯನ್ನು ಎಕ್ಸ್‌ರೇ ವಿಡಿಯೋದಲ್ಲಿ ಹಿಡಿದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಐದು ಸ್ವರಗಳನ್ನು ಬೇರೆಬೇರೆಯಾಗಿ ಕೇಳಿಸಲು ಆ ಅಂಗಗಳೇ ಸಾಕು ಎಂದು ಕಂಡುಬಂತು!

ಕೊರತೆ ಇರುವುದು ಮೆದುಳಿನಲ್ಲಿ. ಮನುಷ್ಯರಲ್ಲಿ ಮೆದುಳಿನ ಹೊರಪದರದಿಂದ ಧ್ವನಿಪೆಟ್ಟಿಗೆಯ ಸ್ನಾಯುಗಳನ್ನು ಆಳುವ ನರಕೋಶಗಳಿಗೆ ನೇರ ನರತಂತುಗಳಿವೆ. ಕೋತಿಗಳಲ್ಲಿ ಅವು ಇಲ್ಲವೆನ್ನುವಷ್ಟು ವಿರಳ.

ಹೀಗಾಗಿ ಗಂಟಲ ಮೂಳೆ ನೋಡಿ ಮಾತು ಯಾವಾಗ ಹುಟ್ಟಿತೆಂದು ಹೇಳುವುದು ಆತುರವೇ ಸರಿ. ಇಸ್ರೇಲಿನ ಕೆಬಾರಾ ಗುಹೆಯಲ್ಲಿ ಸಿಕ್ಕ, ಸುಮಾರು 60,000 ವರ್ಷ ಹಳೆಯ ನಿಯಾಂಡರ್ತಲ್ ಮಾನವನ (ಅಳಿದುಹೋದ ನಮ್ಮ ಹತ್ತಿರದ ಬಂಧು) ನಾಲಗೆಮೂಳೆ, ಅಂದರೆ ನಾಲಗೆಯ ಬುಡದಲ್ಲಿ ಗಂಟಲಲ್ಲಿರುವ ಮೂಳೆ, ಬಹುತೇಕ ನಮ್ಮದರಂತೆಯೇ ಇದೆ, ಆದರೆ ನರತಂತುಗಳು ಪಳೆಯುಳಿಕೆಯಾಗಿ ಉಳಿಯುವುದಿಲ್ಲ.