2007ರ ಮಾರುತಿ 800 ರಿಪೇರಿಗೆ ಕಡಿಮೆ ಖರ್ಚಿನ ಪಾರ್ಟ್ಸ್ ಎಲ್ಲಿ ಸಿಗುತ್ತವೆ?

ನೀವು ಕೇಳಿರುವುದು ಇಷ್ಟು: ಹಾಸನದಲ್ಲಿ 2007ರ ಮಾರುತಿ 800 ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ. ತಿರುಗಿಸುವಾಗ ಮುಂದಿನ ಚಕ್ರದ ಹತ್ತಿರ ಕಟಕಟ ಸದ್ದು. ಬೆಳಿಗ್ಗೆ ಸೆಲ್ಫ್ (ಇಂಜಿನ್ ಸ್ಟಾರ್ಟ್ ಮಾಡುವ ಮೋಟರ್) ಎಳೆಯುವುದಿಲ್ಲ. ಬ್ರೇಕ್ ಆಯಿಲ್ ನಿಧಾನಕ್ಕೆ ಇಳಿಯುತ್ತಿದೆ. ಹಿಂದಿನ ಒಂದು ಲೈಟ್ ಒಡೆದಿದೆ. ಗ್ಯಾರೇಜಿನವರು 24 ಸಾವಿರದ ಲೆಕ್ಕ ಬರೆದುಕೊಟ್ಟಿದ್ದಾರೆ. ಪಾರ್ಟ್ಸ್ ನಾನೇ ತಂದುಕೊಟ್ಟರೆ ಕಡಿಮೆ ಆಗುತ್ತಾ, ಎಲ್ಲಿ ತರಲಿ ಅಂತ ಪ್ರಶ್ನೆ.

ಆಗುತ್ತೆ. ಆದರೆ ಬೆಂಗಳೂರಿನ ಬಸ್ಸು ಹತ್ತುವ ಮೊದಲು ಆ ಲೆಕ್ಕದ ಚೀಟಿಯನ್ನು ಒಮ್ಮೆ ಸಾಲು ಸಾಲಾಗಿ ನೋಡಿ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಇದು ಪೂರ್ತಿ ಅಸೆಂಬ್ಲಿಯಾ, ಅಥವಾ ಒಳಗಿನ ಒಂದು ಸಾಮಾನು ಹೋಗಿದೆಯಾ? ಹಳೇ ಕಾರಿನಲ್ಲಿ ದುಡ್ಡು ಸೋರುವುದು ಬಹುತೇಕ ಇಲ್ಲೇ. ಎಷ್ಟೋ ಗ್ಯಾರೇಜುಗಳಿಗೆ ಪೂರ್ತಿ ಬದಲಿಸುವುದು ಸುಲಭ, ಸಮಯ ಉಳಿಯುತ್ತೆ, ಮತ್ತೆ ಗಿರಾಕಿ ದೂರು ತರುವುದಿಲ್ಲ. ಅವರ ಕಡೆಯಿಂದ ನೋಡಿದರೆ ಅದು ತಪ್ಪೂ ಅಲ್ಲ. ಆದರೆ ಕಾರಿನ ಬೆಲೆಯೇ ಕಡಿಮೆ ಇರುವಾಗ ನಮಗೆ ಅದು ಕಟ್ಟುವುದಿಲ್ಲ, ಅಲ್ವಾ?

ನಿಮ್ಮ ಸೆಲ್ಫ್ ಮೋಟರನ್ನೇ ತೆಗೆದುಕೊಳ್ಳಿ. ಹೊಸ ಮೋಟರ್ ಹಾಕಬೇಕು ಎನ್ನುವ ಮೊದಲು ಬ್ಯಾಟರಿ ನೋಡಬೇಕು. ರಾತ್ರಿ ಪೂರ್ತಿ ನಿಂತ ಕಾರಿನ ಬ್ಯಾಟರಿ ಮಲ್ಟಿಮೀಟರಿನಲ್ಲಿ 12.5 ವೋಲ್ಟ್ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ತಪ್ಪು ಮೋಟರಿನದ್ದಲ್ಲ, ಬ್ಯಾಟರಿಯದ್ದೇ ಇರಬಹುದು. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದೆಯಾ, ಇಂಜಿನ್‌ನಿಂದ ಕಾರಿನ ಬಾಡಿಯವರೆಗೆ ಬರುವ ಅರ್ಥಿಂಗ್ ವೈರ್ ಸಡಿಲವಾಗಿದೆಯಾ ನೋಡಿ. ಇವೆಲ್ಲ ಸರಿ ಇದ್ದರೆ ಆಮೇಲೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಗ್ಯಾರೇಜ್ ಅಲ್ಲ, ಡೈನಮೋ, ಸೆಲ್ಫ್ ಮೋಟರ್ ಬಿಚ್ಚಿ ಕೂತಿರುವ ಚಿಕ್ಕ ಅಂಗಡಿಯವರು. ಕಾರ್ಬನ್ ಬ್ರಷ್, ಬುಷ್ ಬದಲಿಸಿದರೆ ಹೆಚ್ಚಿನ ಮೋಟರ್‌ಗಳು ಎದ್ದು ಕೂರುತ್ತವೆ. ಸಾಮಾನಿನ ಖರ್ಚು ಕೆಲವು ನೂರು ರೂಪಾಯಿ ಮಾತ್ರ.

ಕಟಕಟ ಸದ್ದಿನದ್ದು ಬೇರೆ ಕಥೆ. ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ನಿಧಾನಕ್ಕೆ ಸುತ್ತು ಹೊಡೆಯಿರಿ. ಆಮೇಲೆ ಇನ್ನೊಂದು ಕಡೆ. ಆಗ ಸದ್ದು ಜೋರಾದರೆ ಆಕ್ಸಲ್‌ನ (ಮುಂದಿನ ಚಕ್ರವನ್ನು ತಿರುಗಿಸುವ ದಂಡದ) ಹೊರಗಿನ ಜಾಯಿಂಟ್ ಸವೆದಿದೆ ಎಂದೇ ಅರ್ಥ. ಸಾಮಾನ್ಯವಾಗಿ ಆಗುವುದು ಏನೆಂದರೆ, ಆ ಜಾಯಿಂಟಿನ ರಬ್ಬರ್ ಹೊದಿಕೆ, ಅಂದರೆ ಬೂಟ್, ಹರಿಯುತ್ತದೆ, ಗ್ರೀಸ್ ಆಚೆ ಚೆಲ್ಲುತ್ತದೆ, ಧೂಳು ಒಳಗೆ ಹೋಗುತ್ತದೆ. ಸದ್ದು ಶುರುವಾಗುವ ಮೊದಲೇ ಗಮನಿಸಿದ್ದರೆ ಬೂಟ್ ಕಿಟ್, ಗ್ರೀಸ್ ಇಷ್ಟರಲ್ಲೇ ಮುಗಿಯುತ್ತಿತ್ತು. ಸದ್ದು ಬಂದ ಮೇಲೆ ಬೂಟ್ ಹಾಕಿ ಪ್ರಯೋಜನ ಇಲ್ಲ. ಜಾಯಿಂಟ್ ಹೊಸದು ಹಾಕಿ ರೀಕಂಡಿಷನ್ ಮಾಡಿದ ಆಕ್ಸಲ್ ಕೇಳಿ. ಆದರೆ ಒಂದು ಮಾತು: ಒಂದೇ ಕಡೆ ಸದ್ದು ಇದ್ದರೆ ಒಂದೇ ಕಡೆ ಬದಲಿಸಿ. ಇನ್ನೊಂದು ಕಡೆ ಬೂಟ್ ಮಾತ್ರ ನೋಡಿದರೆ ಸಾಕು. ಚೀಟಿಯಲ್ಲಿ ಎರಡೂ ಆಕ್ಸಲ್ ಬರೆದಿದ್ದರೆ ಯಾಕೆ ಅಂತ ಕೇಳಿ.

ಬ್ರೇಕ್ ವಿಷಯದಲ್ಲಿ ಮಾತ್ರ ನನ್ನ ಲೆಕ್ಕ ಉಲ್ಟಾ. ಆಯಿಲ್ ಇಳಿಯುವುದಕ್ಕೆ ಎರಡು ಕಾರಣ ಇರಬಹುದು. ಮುಂದಿನ ಡಿಸ್ಕ್ ಪ್ಯಾಡ್ ಸವೆದಂತೆ ಮಟ್ಟ ತಾನಾಗಿಯೇ ಸ್ವಲ್ಪ ಇಳಿಯುತ್ತದೆ, ಅದು ಸೋರಿಕೆ ಅಲ್ಲ. ಪ್ಯಾಡ್ ಚೆನ್ನಾಗಿದ್ದೂ ಇಳಿಯುತ್ತಿದ್ದರೆ ಹಿಂದಿನ ಡ್ರಮ್ ಬಿಚ್ಚಿಸಿ. ವೀಲ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಬ್ರೇಕ್ ಹಿಡಿಸುವ ಚಿಕ್ಕ ಸಾಮಾನು) ಒದ್ದೆ ಇದೆಯಾ, ಟೈರಿನ ಒಳಮೈ ಒದ್ದೆ ಇದೆಯಾ ನೋಡಿ. ಸಿಲಿಂಡರಿಗೆ ರಬ್ಬರ್ ಕಿಟ್ ಸಿಗುತ್ತದೆ, ಬೆಲೆಯೂ ಕಡಿಮೆ. ಆದರೆ ಇಷ್ಟು ವರ್ಷದ ಸಿಲಿಂಡರ್ ಒಳಗೆ ತುಕ್ಕು ಹಿಡಿದು ಗುಳಿ ಬಿದ್ದಿರುತ್ತದೆ. ಹೊಸ ರಬ್ಬರ್ ಹಾಕಿದರೂ ಕೆಲವು ತಿಂಗಳಲ್ಲಿ ಮತ್ತೆ ಸೋರುತ್ತದೆ. ಇಲ್ಲಿ ಪೂರ್ತಿ ಸಿಲಿಂಡರೇ ಹಾಕಿಸಿ. ಚಿಕ್ಕ ಕಾರಿನ ವೀಲ್ ಸಿಲಿಂಡರ್ ಏನೂ ಭಾರೀ ಬೆಲೆಯಲ್ಲ.

ಈಗ ಯಾವ ಕಂಪನಿಯದು ತಗೋಬೇಕು ಅನ್ನುವುದು. ಕಾರು ಕಂಪನಿ ಎಲ್ಲ ಸಾಮಾನನ್ನೂ ತಾನೇ ಮಾಡುವುದಿಲ್ಲ. ಬ್ರೇಕ್ ಒಬ್ಬರು, ಲೈಟ್ ಒಬ್ಬರು, ಶಾಕ್ ಅಬ್ಸಾರ್ಬರ್ ಇನ್ನೊಬ್ಬರು ಮಾಡಿಕೊಡುತ್ತಾರೆ. ಅದೇ ತಯಾರಕರು ತಮ್ಮ ಸ್ವಂತ ಡಬ್ಬಿಯಲ್ಲೂ ಹೊರಗೆ ಮಾರುತ್ತಾರೆ. ಲೈಟಿಗೆ ಲುಮ್ಯಾಕ್ಸ್, ಸೆಲ್ಫ್ ಮತ್ತು ಡೈನಮೋಗೆ ಲುಕಾಸ್ ಟಿವಿಎಸ್, ಸ್ಟೇರಿಂಗ್ ಸಾಮಾನು ಮತ್ತು ಬ್ರೇಕ್ ಲೈನಿಂಗಿಗೆ ರಾಣೆ, ಶಾಕ್ ಅಬ್ಸಾರ್ಬರಿಗೆ ಗೇಬ್ರಿಯಲ್, ಪ್ಲಗ್ ಮತ್ತು ಫಿಲ್ಟರಿಗೆ ಬಾಷ್, ಹೀಗೆ. ಹಳೇ ಮೆಕ್ಯಾನಿಕ್‌ಗಳು ಬಾಷ್ ಅನ್ನುವುದಿಲ್ಲ, ‘ಮೈಕೋ ಪ್ಲಗ್ ತಗೊಂಡು ಬನ್ನಿ’ ಅನ್ನುತ್ತಾರೆ. ಆಡುಗೋಡಿಯ ಮೈಕೋ ಫ್ಯಾಕ್ಟರಿ 2008ರಲ್ಲಿ ಬಾಷ್ ಆಯಿತು, ಅಂಗಡಿ ಮಾತಿನಲ್ಲಿ ಮಾತ್ರ ಇನ್ನೂ ಆಗಿಲ್ಲ! ಇಂಥ ತಯಾರಕರ ಸಾಮಾನು ಮಾರುತಿ ಡಬ್ಬಿಯ ಬೆಲೆಗಿಂತ ಸಾಮಾನ್ಯವಾಗಿ ಕಡಿಮೆ. ಇದರ ಕೆಳಗಿನದು ‘ಲೋಕಲ್’, ಅಂದರೆ ಹೆಸರಿಲ್ಲದ ಕಂಪನಿಯ ಅಗ್ಗದ ಸಾಮಾನು. ಅದನ್ನು ಡೋರ್ ಹ್ಯಾಂಡಲ್, ಮಡ್ ಫ್ಲ್ಯಾಪ್, ವೈಪರ್ ಬ್ಲೇಡಿಗೆ ತಗೊಳ್ಳಿ. ಬ್ರೇಕ್, ಬಾಲ್ ಜಾಯಿಂಟ್, ಟೈಮಿಂಗ್ ಬೆಲ್ಟಿಗೆ ಬೇಡವೇ ಬೇಡ.

ಅಂಗಡಿಗೆ ಹೋಗುವಾಗ ಆರ್‌ಸಿ ಫೋಟೋ ಇಟ್ಟುಕೊಳ್ಳಿ. ಅದರಲ್ಲಿರುವ ಚಾಸಿ ನಂಬರ್ ಕೊಟ್ಟರೆ ಮಾರುತಿ ಜೆನ್ಯೂನ್ ಪಾರ್ಟ್ಸ್ ಕೌಂಟರಿನವರು ಸರಿಯಾದ ಪಾರ್ಟ್ ನಂಬರ್ ತೆಗೆದುಕೊಡುತ್ತಾರೆ. ‘800ಗೆ’ ಅಂತ ಮಾತ್ರ ಕೇಳಿದರೆ ಸಾಲದು. 1983ರಿಂದ 2014ರವರೆಗೆ ಬಂದ ಕಾರು ಇದು. ಕಾರ್ಬುರೇಟರ್ ಮಾಡೆಲ್ ಬೇರೆ, ನಿಮ್ಮ ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಹಾಯಿಸುವ) ಮಾಡೆಲ್ ಬೇರೆ. ಪಾರ್ಟ್ ನಂಬರಿನ ಮೊದಲ ಐದು ಅಂಕಿ ಅದು ಯಾವ ಸಾಮಾನು ಅಂತ ಹೇಳುತ್ತದೆ. ಆಯಿಲ್ ಫಿಲ್ಟರ್ ಆದರೆ 16510, ಏರ್ ಫಿಲ್ಟರ್ ಆದರೆ 13780. ಅದರ ಮುಂದಿನದು ಮಾಡೆಲ್ಲಿಗೆ ಸಂಬಂಧಿಸಿದ್ದು. ನಂಬರ್ ಕೈಯಲ್ಲಿದ್ದರೆ ಫೋನಿನಲ್ಲೇ ನಾಲ್ಕು ಅಂಗಡಿ ವಿಚಾರಿಸಬಹುದು. ಬೂಡ್‌ಮೋ ತರಹದ ಆನ್‌ಲೈನ್ ಅಂಗಡಿಯಲ್ಲಿ ಅದೇ ನಂಬರ್ ಹಾಕಿದರೆ ಕಂಪನಿ ಡಬ್ಬಿಯದು, ಬೇರೆ ತಯಾರಕರದು ಎರಡರ ಬೆಲೆಯೂ ಪಕ್ಕಪಕ್ಕ ಕಾಣುತ್ತದೆ. ತರಿಸದಿದ್ದರೂ ಪರವಾಗಿಲ್ಲ, ಚೌಕಾಸಿಗೆ ಬೇಕಾಗುತ್ತದೆ.

ಬೆಂಗಳೂರಿನಲ್ಲಿ ಹೊಸ ಪಾರ್ಟ್ಸಿಗೆ ಜೆ.ಸಿ. ರಸ್ತೆ. ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ನಡೆದುಕೊಂಡು ಹೋದರೆ ಎರಡೂ ಬದಿ ಅದೇ. ರಸ್ತೆ ಮೇಲಿನ ದೊಡ್ಡ ಬೋರ್ಡಿನ ಅಂಗಡಿಯಲ್ಲಿ ಒಮ್ಮೆ ಬೆಲೆ ಕೇಳಿ, ಆಮೇಲೆ ಒಳಗಿನ ಅಡ್ಡರಸ್ತೆಗಳಲ್ಲಿ ಕೇಳಿ. ಹಳೇ ಸಾಮಾನಿಗೆ ಶಿವಾಜಿನಗರದ ಗುಜರಿ. ಡೋರ್, ಬಾನೆಟ್, ಗ್ಲಾಸ್, ಸೀಟ್, ರಿಮ್, ಸೈಡ್ ಮಿರರ್, ನಿಮ್ಮ ಹಿಂದಿನ ಲೈಟ್, ಇವನ್ನೆಲ್ಲ ಗುಜರಿಯಲ್ಲಿ ಧೈರ್ಯವಾಗಿ ತಗೋಬಹುದು. ಕಣ್ಣಿಗೆ ಕಾಣುವ ಸಾಮಾನು, ಮೋಸ ಕಡಿಮೆ. ಕಂಪನಿ ಲೈಟು ಗುಜರಿಯದ್ದಾದರೂ ಹೊಸ ಲೋಕಲ್ ಲೈಟಿಗಿಂತ ಚೆನ್ನಾಗಿ ಕೂರುತ್ತದೆ, ಒಳಗೆ ನೀರು ಹೋಗುವುದಿಲ್ಲ. ರಬ್ಬರ್ ಸಾಮಾನು, ಬ್ರೇಕ್, ಕ್ಲಚ್ ಪ್ಲೇಟ್, ಹಳೇ ಟೈರ್ ಮಾತ್ರ ಅಲ್ಲಿ ಮುಟ್ಟಬೇಡಿ. ಇಂಜಿನ್ ಕೊಳ್ಳುವ ಪ್ರಸಂಗ ಬಂದರೆ ಅದು ಯಾವ ಗಾಡಿಯದು ಎಂಬ ಕಾಗದ ಇಲ್ಲದೆ ತರಬೇಡಿ. ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತದೆ, ಬದಲಿಸಿದರೆ ಆರ್‌ಟಿಓದಲ್ಲಿ ಬರೆಸಬೇಕು. ಕದ್ದ ಗಾಡಿಯ ಇಂಜಿನ್ ಆಗಿದ್ದರೆ ಉಳಿಸಿದ ದುಡ್ಡಿನ ಹತ್ತರಷ್ಟು ತಲೆನೋವು.

ಆದರೆ ನಿಮ್ಮ ಈ ನಾಲ್ಕು ಸಾಮಾನಿಗೆ ಹಾಸನದಿಂದ ಬೆಂಗಳೂರಿಗೆ ಬರುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಬಸ್ ಚಾರ್ಜು, ಊಟ, ಒಂದು ದಿನದ ಕೆಲಸ ಎಲ್ಲ ಲೆಕ್ಕ ಹಾಕಿ. ಮೇಲಾಗಿ ತಪ್ಪು ಸಾಮಾನು ತಂದರೆ ವಾಪಸ್ ಮಾಡಲು ಮತ್ತೆ ಬರಬೇಕು. ಜಿಲ್ಲೆಗಳ ಎಷ್ಟೋ ಅಂಗಡಿಗಳಿಗೆ ಬಸ್ ಪಾರ್ಸಲ್‌ನಲ್ಲೇ ಬೆಂಗಳೂರಿನಿಂದ ಮಾಲು ಬರುತ್ತದೆ. ಕೆಎಸ್‌ಆರ್‌ಟಿಸಿಗೂ ‘ನಮ್ಮ ಕಾರ್ಗೋ’ ಎಂಬ ಪಾರ್ಸಲ್ ಸೇವೆ ಇದೆ. ನಿಮ್ಮೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ನಂಬರ್ ಕೊಟ್ಟು ‘ಇದೇ ಬ್ರ್ಯಾಂಡ್ ತರಿಸಿಕೊಡಿ’ ಎನ್ನಿ. ನಾಳೆ ಸರಿಹೋಗದಿದ್ದರೆ ಹೋಗಿ ಕೇಳಲು ಒಬ್ಬರು ಊರಲ್ಲೇ ಇರುತ್ತಾರೆ.

ಬಿಲ್ ತಗೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ 18 ಪರ್ಸೆಂಟ್, ಮೊದಲು ಬಹಳಷ್ಟು ಸಾಮಾನಿಗೆ 28 ಇತ್ತು. ಹಳೇ ಎಂಆರ್‌ಪಿ ಇರುವ ಡಬ್ಬಿ ಕೊಟ್ಟರೆ ಇದನ್ನು ನೆನಪಿಸಿ. ‘ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ’ ಎನ್ನುವವರ ಹತ್ತಿರ ಕಂಪನಿ ಡಬ್ಬಿ ಇದ್ದರೂ ಒಳಗಿರುವುದು ಡೂಪ್ಲಿಕೇಟ್ ಆಗಿರಬಹುದು. ಡಬ್ಬಿಯ ಮೇಲಿನ ಅಕ್ಷರ ಮಸುಕಾಗಿದ್ದರೆ, ತಯಾರಕರ ವಿಳಾಸ ಇಲ್ಲದಿದ್ದರೆ, ಸಾಮಾನಿನ ಮೇಲೆ ಕೊರೆದ ನಂಬರಿಗೂ ಡಬ್ಬಿಯ ನಂಬರಿಗೂ ಹೊಂದದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಮೆಕ್ಯಾನಿಕ್ ಜೊತೆ ಮೊದಲೇ ಮಾತಾಡಿಬಿಡಿ. ಪಾರ್ಟ್ಸ್ ಮೇಲೆ ಅವರಿಗೂ ಸ್ವಲ್ಪ ಉಳಿಯುತ್ತದೆ, ಅದನ್ನು ನಂಬಿಯೇ ಕೂಲಿ ಕಡಿಮೆ ಹೇಳಿರುತ್ತಾರೆ. ‘ಸಾಮಾನು ನಾನು ತರುತ್ತೇನೆ, ಕೂಲಿ ಎಷ್ಟು ಬೇಕು ಹೇಳಿಬಿಡಿ ಅಣ್ಣ’ ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೂಲಿ ಸ್ವಲ್ಪ ಜಾಸ್ತಿ ಕೇಳಿದರೂ ಕೊಡಿ. ಬಿಚ್ಚಿದ ಹಳೇ ಸಾಮಾನು ಮಾತ್ರ ವಾಪಸ್ ಕೇಳಿ ಇಸ್ಕೊಳ್ಳಿ.

ಕಾಮೆಂಟಿನಲ್ಲಿ ಇನ್ನೊಬ್ಬರು ಷೆವರ್ಲೆಯ ‘ಸೇಲ್’ ಎಂಬ ಡೀಸೆಲ್ ಕಾರಿನ ಬಗ್ಗೆ ಕೇಳಿದ್ದಾರೆ. ಅವರಿಗೆ ಕಷ್ಟ ಸ್ವಲ್ಪ ಜಾಸ್ತಿ, ಕಂಪನಿ 2017ರಲ್ಲೇ ಇಲ್ಲಿ ಮಾರಾಟ ನಿಲ್ಲಿಸಿದೆ. ಆದರೂ ಇಂಜಿನ್ ವಿಷಯದಲ್ಲಿ ಅದೃಷ್ಟವಂತರು. ಅದು ಫಿಯಟ್‌ನ 1,248 ಸಿಸಿ ಮಲ್ಟಿಜೆಟ್ ಡೀಸೆಲ್ ಇಂಜಿನ್. ಅದೇ ಮೂಲದ ಇಂಜಿನ್ ಆಗಿನ ಡೀಸೆಲ್ ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾ, ಪುಂಟೋಗಳಲ್ಲೂ ಇತ್ತು. ಒಳಗಿನ ಎಷ್ಟೋ ಸಾಮಾನಿಗೆ ದಾರಿ ಸಿಗುತ್ತದೆ, ನಂಬರ್ ತಾಳೆ ನೋಡಿ ತಗೋಬೇಕು ಅಷ್ಟೇ. ಬಂಪರ್, ಲೈಟ್, ಡೋರ್ ಮುರಿದರೆ ಮಾತ್ರ ಗುಜರಿಯೇ ಗತಿ.

ನಿಮಗೆ ಇನ್ನೊಂದು ವಿಷಯ. 2007ರ ಕಾರು ಎಂದರೆ 2022ಕ್ಕೆ ಹದಿನೈದು ವರ್ಷ ಮುಗಿದಿದೆ. ಹಿಂದಿನ ಮಾಲೀಕರು ಆರ್‌ಸಿ ರಿನ್ಯೂ ಮಾಡಿಸಿದ್ದಾರಾ ನೋಡಿ. ಮಾಡಿಸಿದ್ದರೆ ಅದು ಐದು ವರ್ಷಕ್ಕೆ. ಮಾಡಿಸಿಲ್ಲದಿದ್ದರೆ 24 ಸಾವಿರದ ಮಾತು ಆಮೇಲೆ, ಮೊದಲು ಗ್ರೀನ್ ಟ್ಯಾಕ್ಸ್ (ಹಳೇ ವಾಹನದ ಮೇಲಿನ ತೆರಿಗೆ), ರಿನ್ಯೂವಲ್ ಫೀಸು, ದಂಡ ಎಷ್ಟಾಗುತ್ತೆ ಅಂತ ಆರ್‌ಟಿಓದಲ್ಲಿ ಕೇಳಿಕೊಂಡು ಬನ್ನಿ. ಕಾರು ತೋರಿಸಲು ಹೋದಾಗ ಬ್ರೇಕ್, ಲೈಟ್ ನೋಡುತ್ತಾರೆ. ಹಾಗಾಗಿ ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ವೀಲ್ ಸಿಲಿಂಡರ್, ಹಿಂದಿನ ಲೈಟ್ ಈ ತಿಂಗಳು ಮುಗಿಸಿ. ಆಮೇಲೆ ಆಕ್ಸಲ್, ಅದನ್ನೂ ಬಹಳ ದಿನ ಎಳೆಯಬೇಡಿ. ಸೆಲ್ಫ್ ಮೋಟರಿಗೆ ಬ್ಯಾಟರಿ ಚೆಕ್ ಮಾಡಿಸಿದ ಮೇಲೆ ಇಲ್ಲೇ ಬರೆಯಿರಿ, ನೋಡೋಣ.