ಚಿಕ್ಕ ಮಕ್ಕಳಿಗೆ ರಾಜಸ್ಥಾನದ ಭೂಗೋಳ ಹೇಳಿಕೊಡೋದು ಹೇಗೆ?

ಆರೇಳು ವರ್ಷದ ಮಕ್ಕಳಿಗಾದರೆ ಮೊದಲೇ ನಕ್ಷೆ ಬೇಡ, ಒಂದು ದೊಡ್ಡ ತಟ್ಟೆ ಸಾಕು. ಕೆಳಗಿನ ಎಡ ಮೂಲೆಯಿಂದ ಮೇಲಿನ ಬಲ ಮೂಲೆಗೆ ಓರೆಯಾಗಿ ಕಲ್ಲು ಜೋಡಿಸಿ. ಅದು ಅರಾವಳಿ ಬೆಟ್ಟಸಾಲು. ಎಡಕ್ಕೆ ಮರಳು ಸುರಿದರೆ ಥಾರ್ ಮರುಭೂಮಿ. ಬಲಕ್ಕೆ ಮಣ್ಣು ಹಾಕಿ. ಅಲ್ಲಿ ಹೊಲಗಳಿವೆ, ಚಂಬಲ್ ನದಿಯಿದೆ. ಇಡೀ ರಾಜ್ಯವೇ ಮರಳು ಅಂತ ಮಕ್ಕಳು (ದೊಡ್ಡವರೂ!) ಅಂದುಕೊಂಡಿರುತ್ತಾರೆ ಅಲ್ವಾ?

"ಬೆಟ್ಟ ಇದ್ದರೂ ಮಳೆ ಯಾಕೆ ಕಮ್ಮಿ?" ಅಂತ ಕೇಳಿಯೇ ಕೇಳುತ್ತಾರೆ. ಆಗ ಕೆಳಗಿನ ಎಡ ಮೂಲೆಯಿಂದ ಮೆಲ್ಲಗೆ ಊದಲು ಹೇಳಿ. ಗಾಳಿ ಕಲ್ಲಿನ ಸಾಲಿನ ಪಕ್ಕದಲ್ಲೇ ಸಾಗಿಹೋಗುತ್ತದೆ. ಅರಬ್ಬೀ ಸಮುದ್ರದ ಮುಂಗಾರು ಗಾಳಿಯೂ ಅಲ್ಲಿ ಹೀಗೇ ಜಾರಿಕೊಳ್ಳುತ್ತದೆ. ನಮ್ಮ ಪಶ್ಚಿಮ ಘಟ್ಟ ಗಾಳಿಗೆ ಅಡ್ಡ ನಿಂತಿದೆ, ಅದಕ್ಕೇ ಆಗುಂಬೆಯಲ್ಲಿ ಮಳೆ ಅಷ್ಟು ಜಾಸ್ತಿ. ಮರುಭೂಮಿಗೆ ಇದೊಂದೇ ಕಾರಣವಲ್ಲ, ಆದರೆ ಈ ವಯಸ್ಸಿಗೆ ಇಷ್ಟು ಸಾಕು.

ಒಂದು ನೀಲಿ ದಾರದಲ್ಲಿ ಲೂಣಿ ನದಿಯನ್ನೂ ತೋರಿಸಿ. ಅಜ್ಮೀರ್ ಹತ್ತಿರ ಹುಟ್ಟಿ, ಹೋಗುತ್ತಾ ಹೋಗುತ್ತಾ ಉಪ್ಪಾಗಿ, ಸಮುದ್ರ ಸೇರದೆ, ಗುಜರಾತಿನ ಉಪ್ಪು ಜೌಗುನೆಲವಾದ ಕಛ್‌ನ ರಣ್‌ನಲ್ಲಿ ಇಂಗಿಹೋಗುವ ನದಿ ಅದು. ಮಕ್ಕಳಿಗೆ ಇದು ಭಾರಿ ಇಷ್ಟ.

ರಾಜಧಾನಿ, ಜಿಲ್ಲೆಗಳ ಪಟ್ಟಿ ಆಮೇಲೆ ಕಲಿತರಾಯಿತು. ಬದಲಿಗೆ ಒಂದು ಬನ್ನಿ ಮರ ತೋರಿಸಿ: ರಾಜಸ್ಥಾನದ ರಾಜ್ಯ ಮರ ಖೇಜ್ರಿ ಅಂದರೆ ಇದೇ.